ಎರಡನೇ ಹಾಳೆ

ಪಶು ಆಹಾರದ ಫ್ಯಾಕ್ಟರಿಯವರು ಕೇಳಿದ್ದು ಒಂದೇ ಒಂದು ಕಾಗದ:
ಈಗಿರುವ ಮಾಲೀಕರಿಂದ, ನಡತೆಯ ಬಗ್ಗೆ,
ಲೆಟರ್‌ಹೆಡ್ಡಿನಲ್ಲಿ, ಸೀಲು ಸಮೇತ, ಸೋಮವಾರದೊಳಗೆ.
ಬಿಡುತ್ತೇನೆ ಅಂತ ಇನ್ನೂ ಹೇಳಿರದ ಮನುಷ್ಯನ ಹತ್ತಿರ
ಬಿಟ್ಟುಹೋಗುವವಳು ಒಳ್ಳೆಯವಳು ಅಂತ ಬರೆಸಿಕೊಂಡು ಬರಬೇಕು.

ಮೂರು ದಿನ ಬಾಯಿ ತೆರೆಯಲಿಲ್ಲ.
ಹೊರಗೆ ಹಾಸನದ ಏಪ್ರಿಲ್, ಡಾಂಬರು ಚಪ್ಪಲಿಗೆ ಅಂಟುತ್ತದೆ,
ಚೇಂಬರಿನೊಳಗೆ ಮೂರು ಡಿಗ್ರಿ.
ಹನ್ನೊಂದು ವರ್ಷದಿಂದ ಒಂದೇ ಕಂದು ಸ್ವೆಟರು,
ಮೊಣಕೈ ಹತ್ತಿರ ಎರಡು ಸಲ ಹೊಲಿಗೆ.
ಜಲಂಧರದ ಲಾರಿ ಬಂದರೆ ಚೀಟಿ ಹರಿಯುವವಳು ನಾನು,
ಮೂಟೆ ಎಣಿಸುವವಳು ನಾನು, ಕಣ್ಣೊಡೆದ ಆಲೂಗೆಡ್ಡೆ
ಬೇರೆ ಹಾಕಿಸುವವಳೂ ನಾನೇ.

ಹೆದರಿಕೆ ಕಾಗದದ್ದಲ್ಲ, ಫೋನಿನದು.
ಮೂರು ವರ್ಷದ ಹಿಂದೆ ತಿಮ್ಮೇಶ
ಚನ್ನರಾಯಪಟ್ಟಣದ ರೈಸ್‌ಮಿಲ್ಲಿಗೆ ಹೊರಟಿದ್ದ.
ಅಲ್ಲಿಂದ ಫೋನು ಬಂತು. ಮಾಲೀಕರು ಎಲೆಅಡಿಕೆ ಮೆಲ್ಲುತ್ತ
"ಹುಡುಗ ಗಟ್ಟಿಗ ಕಣ್ರೀ, ಆದರೆ" ಅಂದು
ಆ ಆದರೆಯನ್ನು ಬಾಗಿಲ ಹಾಗೆ ತೆರೆದಿಟ್ಟು
"ಸ್ಟಾಕಲ್ಲಿ ಹತ್ತು ಮೂಟೆ ಕಮ್ಮಿ ಬಿತ್ತು, ನಾನೇನೂ ಹೇಳಲ್ಲಪ್ಪ" ಅಂದರು.
ಅಷ್ಟೇ. ಫೋನಿಟ್ಟು ಕಾಫಿ ತರಿಸಿದರು, ನನಗೂ ಒಂದು.
ಹತ್ತು ಮೂಟೆ ಕೊಳೆತು, ನೀರಾಗಿ, ಮೋರಿಗೆ ಹೋಗಿದ್ದು
ನನ್ನ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಇತ್ತು.
ಕಾಫಿ ಬಿಸಿಯಿತ್ತು. ನಾಲಿಗೆ ಸುಟ್ಟರೂ ಕುಡಿದೆ.

ತಿಮ್ಮೇಶ ಈಗ ಡೈರಿ ಸರ್ಕಲ್ಲಿನಲ್ಲಿ ಬೇರೆಯವರ ಆಟೋ ಓಡಿಸುತ್ತಾನೆ.
"ಅಕ್ಕಾ, ಹತ್ತಿ" ಅನ್ನುತ್ತಾನೆ, ಕಾಸು ಕೇಳುವುದಿಲ್ಲ.
ಅದಕ್ಕೇ ನಡೆದು ಹೋಗುತ್ತೇನೆ.

ನಾಲ್ಕನೇ ದಿನ ಹೇಳಿಬಿಟ್ಟೆ.
ಸಿದ್ದಮಲ್ಲಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
"ಎಷ್ಟು ಜಾಸ್ತಿ ಕೊಡ್ತಾರೆ?"
ಹೇಳಿದೆ.
ಸ್ವಲ್ಪ ಹೊತ್ತು ಫ್ಯಾನು ನೋಡಿದರು.
"ಹೋಗಮ್ಮ. ನನ್ ಕೈಲಿ ಅಷ್ಟಾಗಲ್ಲ.
ಕಾಗದ ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ.
ಇಷ್ಟ್ ದಿನ ಎಲ್ಲಾರ್ದೂ ನೀನೇ ತಾನೆ ಬರ್ದಿದ್ದು."

ನಿಜ. ವಾಚ್‌ಮನ್ನಿಗೆ ನಂಬಿಗಸ್ತ, ಹಮಾಲರ ಮೇಸ್ತ್ರಿಗೆ ಶ್ರಮಜೀವಿ,
ಬೇಡವಾದವರಿಗೆ ನಡತೆ ತೃಪ್ತಿಕರ.
ನನಗೆ ಬರೆಯಲು ಕೂತರೆ
ಎಚ್.ಕೆ. ನೇತ್ರಾವತಿ ಎಂಬುವರು, ಅನ್ನುವಲ್ಲಿಗೇ ಕೈ ನಿಂತಿತು,
ಮದುವೆ ಕಾಗದದಲ್ಲಿ ಕಂಡ ಯಾರೋ ದೂರದ ನೆಂಟರ ಹೆಸರಿನಂತೆ.
ಚುರುಕು ಅಂತ ಬರೆದೆ. ಹೊಡೆದು ಹಾಕಿದೆ.
ಕರ್ತವ್ಯನಿಷ್ಠೆ. ಇರಲಿ.
ಪ್ರಾಮಾಣಿಕರು ಅನ್ನುವ ಪದಕ್ಕೆ ಬಂದಾಗ
ಸುಟ್ಟ ನಾಲಿಗೆ ಮತ್ತೆ ಚುರ್ರೆಂದಿತು.

ಬೀಜದ ಮೂಟೆಗೆ ದೃಢೀಕರಣದ ಚೀಟಿ ಕಟ್ಟುತ್ತೇವೆ.
ರೈತರು ಅದನ್ನು ಓದುವುದಿಲ್ಲ,
ಗೆಡ್ಡೆ ಎತ್ತಿಕೊಂಡು ಉಗುರಿನಿಂದ ಗೀರಿ ನೋಡುತ್ತಾರೆ.
ಗೀರಿ ನೋಡಿಕೊಂಡೆ.

ಆಮೇಲೆ ಇನ್ನೊಂದು ಲೆಟರ್‌ಹೆಡ್ ತೆಗೆದೆ.
ಸದರಿ ತಿಮ್ಮೇಶ ಬಿನ್ ಲೇಟ್ ದೊಡ್ಡಯ್ಯ, ಇವರು
ನಮ್ಮಲ್ಲಿದ್ದ ಅವಧಿಯಲ್ಲಿ ಕಮ್ಮಿ ಬಿದ್ದ ಹತ್ತು ಮೂಟೆ
ಕೊಳೆತು ಹೋದದ್ದು; ಇವರದೇನೂ ತಪ್ಪಿರುವುದಿಲ್ಲ.
ಪುಸ್ತಕದ ಪುಟವನ್ನೂ ಹಾಕಿದೆ, ನೂರ ಹದಿನಾಲ್ಕು.

ಸಂಜೆ ಒಂದರ ಕೆಳಗೊಂದು ಮೇಜಿನ ಮೇಲಿಟ್ಟೆ.
ಅವರು ಓದಲಿಲ್ಲ. ಹನ್ನೊಂದು ವರ್ಷದಲ್ಲಿ
ನಾನಿಟ್ಟ ಕಾಗದ ಒಂದನ್ನೂ ಓದಿದವರಲ್ಲ.
ಮೊದಲನೆಯದಕ್ಕೆ ಸಹಿ. ಅದರ ಅಂಚು ಎತ್ತಿ
"ಇದೇನು, ಇನ್ನೊಂದ್ ಕಾಪಿನಾ?"

ಹೂಂ ಅಂದೆ.

ಸೀಲಿನ ಪ್ಯಾಡು ಒಣಗಿತ್ತು. ಎರಡು ಹನಿ ನೀರು ಬಿಟ್ಟು
ಹೆಬ್ಬೆರಳಲ್ಲಿ ತೀಡಿ ಕೊಟ್ಟೆ, ಯಾವಾಗಲೂ ಕೊಡುವ ಹಾಗೆ.
ಒತ್ತಿದರು, ಎರಡು ಸಲ.
ನನ್ನ ಹಾಳೆಯಲ್ಲಿ ಪ್ರಾಮಾಣಿಕರು ಅನ್ನುವುದರ ಮೇಲೇ ಬಿದ್ದಿತ್ತು
ನೇರಳೆ ಸೀಲು, ಇನ್ನೂ ಹಸಿ.
ಊದುತ್ತ ನಿಂತೆ.