ಎಂಟನೇ ಒಂದು

ತಕ್ವಾರೆಂಬೋ ಬಸ್ಸಿಳಿದು ಮಣ್ಣುದಾರಿಯಲ್ಲಿ ಮುಕ್ಕಾಲು ಗಂಟೆ,
ಎರಡೂ ಬದಿಗೆ ತಂತಿಬೇಲಿ, ಬೇಲಿಯಾಚೆ ಕುರಿ,
ಆಮೇಲೊಂದು ಶಾಲೆ. ಹದಿನಾಲ್ಕು ಮಕ್ಕಳು.
ಬಿಳಿ ನಿಲುವಂಗಿ, ಕೊರಳಿಗೆ ನೀಲಿ ರಿಬ್ಬನ್ನಿನ ಕುಚ್ಚು.
ನನ್ನದೂ ಬಿಳಿಯದೇ, ಕುಚ್ಚೊಂದಿಲ್ಲ.
ಇನ್ನೂ ಟೀಚರಾಗದ ನನಗೂ ಅವರಿಗೂ
ಅಷ್ಟೇ ವ್ಯತ್ಯಾಸ.

ಮೊದಲ ವಾರ ಆಟ ಹಚ್ಚಿದೆ.
ಪರದೆಯ ಮೇಲೆ ಭಿನ್ನರಾಶಿ, ಪಕ್ಕದಲ್ಲಿ ಓಡುವ ಗಡಿಯಾರ,
ಸರಿಯಾದರೆ ಪಟಾಕಿ, ತಪ್ಪಾದರೆ ಕಪ್ಪೆಯ ವಟವಟ.
ನಿಕಾನೋರ್ ಮೂರೇ ದಿನಕ್ಕೆ ಕಂಡುಹಿಡಿದ,
ಓದದೆ ಮೂರನೇ ಗುಂಡಿ ಒತ್ತುತ್ತಾ ಹೋದರೆ
ಹತ್ತಕ್ಕೆ ನಾಲ್ಕು ಹೇಗೂ ಬೀಳುತ್ತದೆ.
ಉಳಿದವರು ಬೇಕೆಂದೇ ತಪ್ಪು ಮಾಡಿದರು,
ಕಪ್ಪೆಗಾಗಿ.
ನಾನು ತರಬೇತಿಯ ದಿನಚರಿಯಲ್ಲಿ ಬರೆದೆ:
'ಮಕ್ಕಳ ಉತ್ಸಾಹ ಅಪಾರ.'
ಅದು ಸುಳ್ಳಲ್ಲ. ನಿಜ ಅನ್ನಲೂ ಬಾಯಿ ಬಾರದು.

ಹಿಂದಿನ ಬೆಂಚಿನಲ್ಲಿ ಎರ್ಮೆಲಿಂದಾ ಮೇಡಂ,
ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಬೆರಳು,
ಸೋರೆಬುರುಡೆಯ ಕಹಿ ಕಷಾಯಕ್ಕೆ ಬಿಸಿನೀರು ಹೊಯ್ಯುತ್ತಾ
ಗಂಟೆಯಿಡೀ ತುಟಿ ಬಿಚ್ಚಲಿಲ್ಲ. ಹೊರಡುವಾಗ ಒಂದೇ ಮಾತು:
"ಆಡಿದ್ದು ಸರಿ. ಯಾರು ಆಡಲಿಲ್ಲ, ನೋಡಿದೆಯಾ?"

ನೋಡಿರಲಿಲ್ಲ.
ನಾನೂ ಪರದೆಯನ್ನೇ ನೋಡುತ್ತಿದ್ದೆ.

ಅದಕ್ಕೇ ಒಂದು ಖಾಲಿ ಗೋಡೆ ತೆರೆದೆ, ಗಡಿಯಾರವಿಲ್ಲದ್ದು.
ಹೆಸರು ಬೇಡ, ಒಂದೊಂದು ಪ್ರಾಣಿಯಾಗಿ ಎಂದೆ,
ಅರ್ಥವಾಗದ್ದನ್ನು ಬರೆಯಿರಿ ಎಂದೆ.
ಮುಳ್ಳಹಂದಿ ಬರೆಯಿತು: ಹಸಿವು.
ಎರಡು ಪೂಮಾಗಳು ಒಂದನ್ನೊಂದು ಬೈದುಕೊಂಡವು,
ಒಂದೇ ಕಾಗುಣಿತದ ತಪ್ಪಿನಿಂದ ಅಣ್ಣತಮ್ಮಂದಿರೆಂದು ಸಿಕ್ಕಿಬಿದ್ದವು.
ಎಲ್ಲದರ ಕೆಳಗೆ, ತೀರ ತಡವಾಗಿ, ನ್ಯಾಂದು
(ಈ ಬಯಲಿನದೇ ಹಕ್ಕಿ, ದೊಡ್ಡದು, ಹಾರಲಾರದು, ಓಡುತ್ತದೆ):

"ಎಂಟು ನಾಲ್ಕಕ್ಕಿಂತ ದೊಡ್ಡದು.
ಎಂಟನೇ ಒಂದು ನಾಲ್ಕನೇ ಒಂದಕ್ಕಿಂತ ಯಾಕೆ ಚಿಕ್ಕದು?
ಯಾರು ತಗೊಂಡರು?"

ತಲೆಯೆತ್ತಿದೆ. ಹದಿನಾಲ್ಕು ತಲೆ ಬಗ್ಗಿದ್ದವು.
ಛೇದ ಹಿಗ್ಗಿದಷ್ಟೂ ಬೆಲೆ ಕುಗ್ಗುತ್ತದೆ:
ನನಗಿದು ಬಾಯಿಪಾಠ, ನಿದ್ದೆಗಣ್ಣಲ್ಲೂ ಹೇಳಬಲ್ಲೆ.
ಯಾರು ತಗೊಂಡರು ಎಂದು
ಇಪ್ಪತ್ತೆರಡು ವರ್ಷ ಕೇಳಿಕೊಂಡದ್ದೇ ಇಲ್ಲ.

ಒಂದು ಗುಂಡಿ ಒತ್ತಿದರೆ ನ್ಯಾಂದು ಯಾರೆಂದು ತಿಳಿಯುತ್ತಿತ್ತು.
ಬೆರಳು ಹೋಯಿತು. ಹಿಂದೆ ಬಂತು.
ಹೆಸರು ಬೇಡ ಎಂದವಳು ನಾನೇ ತಾನೆ.

ಮರುದಿನ ದಕ್ಷಿಣದ ಗಾಳಿ. ನೆಟ್‌ವರ್ಕ್ ಸತ್ತಿತ್ತು.
ಅಡುಗೆಯ ನೀದಿಯಾ ಕೊಬ್ಬಿನಲ್ಲಿ ರೊಟ್ಟಿ ಕರಿದಿದ್ದಳು,
ತಟ್ಟೆಯಗಲದವು ಮೂರು.
ಒಂದನ್ನು ನಾಲ್ವರಿಗೆ ಹರಿದೆ. ಮತ್ತೊಂದನ್ನು ಎಂಟು ಮಂದಿಗೆ.
ಮೂರನೆಯದು ಮೂಲೆಯಲ್ಲಿ ಉಳಿದ ಇಬ್ಬರಿಗೆ.
ಗಲಾಟೆಯೋ ಗಲಾಟೆ!
ಮೋಸ, ಮೋಸ ಎಂದರು ಎಂಟು ಮಂದಿ,
ಕೈಯಲ್ಲಿ ಬೆರಳುದ್ದದ ಚೂರು.
"ನಿಮ್ಮದನ್ನು ಯಾರು ತಗೊಂಡರು?" ಕೇಳಿದೆ.
ಎಂಟು ಬೆರಳು ಎದ್ದವು, ಅತ್ತಿತ್ತ ಅಲೆದವು,
ಮೆಲ್ಲಗೆ ಒಬ್ಬರನ್ನೊಬ್ಬರು ತೋರಿಸಿದವು.

ಎಲ್ಲೋ ಒಂದು ಕಡೆ ಯಾರೋ "ಓ" ಎಂದರು.
ಸಣ್ಣ ದನಿ.
ನಾನು ಕಿಟಕಿಗೆ ತಿರುಗಿ ಕುರಿ ಎಣಿಸತೊಡಗಿದೆ,
ಯಾರೆಂದು ಕಾಣಬಾರದೆಂದು.

ಕಾಲೇಜಿನ ಫಾರಂ ಕೇಳುತ್ತದೆ:
'ಆನ್‌ಲೈನ್ ಚಟುವಟಿಕೆಯಿಂದಾದ ಕಲಿಕೆ ಏನು?'
ಎರಡು ಗೆರೆ ಜಾಗ. ಒಂದರಲ್ಲಿ
ಪರದೆ ಎಂದು ಬರೆದು ಹೊಡೆದುಹಾಕಿದೆ,
ರೊಟ್ಟಿ ಎಂದು ಬರೆದು ಅದನ್ನೂ.
ಪರದೆಯಿಲ್ಲದೆ ಆ ಪ್ರಶ್ನೆ ಹೊರಬರುತ್ತಿರಲಿಲ್ಲ,
ಪರದೆಯಲ್ಲೇ ಇದ್ದಿದ್ದರೆ ಜಗಳವಾಗುತ್ತಿರಲಿಲ್ಲ.
ಎರಡನೇ ಗೆರೆ ಇನ್ನೂ ಖಾಲಿ.

ಸಂಜೆ ಗಾಳಿ ನಿಂತು, ಗೋಡೆ ಮತ್ತೆ ತೆರೆದಾಗ
ನ್ಯಾಂದು ನನಗಿಂತ ಮೊದಲೇ ಬಂದು ಹೋಗಿತ್ತು:
"ಟೀಚರ್, ನಿಮ್ಮ ಪಾಲು ಎಷ್ಟನೇ ಒಂದು?"

ಟೀಚರ್ ಅಂದಿತ್ತು.
ನನಗೆ ರೊಟ್ಟಿ ಉಳಿದಿರಲಿಲ್ಲ ಎಂಬುದು
ಆಗ ನೆನಪಾಯಿತು.