ಕೆಂಕೆಯವಳ ಏರು

ಯಾಕೆ ಕಟ್ಟುತ್ತೀರಿ ಹಾಡು, ಅಂತ ಕೇಳುತ್ತೀಯ.
ರೇಡಿಯೋದವಳು ನೀನು, ಮೈಕು ಮೂತಿಗೇ ಹಿಡಿದಿದ್ದೀಯ;
ಹೊಟ್ಟೆಪಾಡು ಅಂದುಬಿಡಲೇ?
ಒಳಗೆ ನಗುತ್ತಾಳೆ ನನ್ನ ಹೆಂಡತಿ:
ಆಂಪ್ಲಿಫೈಯರಿನ ಸಾಲ ತೀರಿಸಿದ್ದು
ಅವಳು ಹೊಗೆಗಿಟ್ಟು ಮಾರಿದ ಮೀನು.

ಕೇಳು ಎಕುವಾ,
ಒಂದು ಶನಿವಾರ ಯಾರದೋ ಸಾವಿನ ಮನೆಯಲ್ಲಿ
ನಮ್ಮ ಹೈಲೈಫ್ ಬ್ಯಾಂಡು.
ಬೆಳಗಿನ ತನಕ ಬಾರಿಸಿ, ಕೊಟ್ಟಷ್ಟು ಎಣಿಸುತ್ತ
ಟಕೊರಾಡಿಯ ಲಾರಿ ನಿಲ್ದಾಣಕ್ಕೆ ಬಂದೆ.
ತಳ್ಳುಗಾಡಿ, ಒಬ್ಬ ಹುಡುಗ, ಕದ್ದು ತುಂಬಿದ ಕ್ಯಾಸೆಟ್ಟು,
ಸ್ಪೀಕರಿನಲ್ಲಿ ನಾನು!
ನನ್ನದೇ ಗಿಟಾರು, ಮೂರನೇ ತಂತಿ ಕೊಂಚ ಇಳಿದದ್ದು,
ಎರಡನೇ ಚರಣಕ್ಕೆ ಮೊದಲು ನನ್ನದೇ ಕೆಮ್ಮು.
ಯಾರಪ್ಪ ಇವನು, ಅಂದೆ.
ಸತ್ತು ಬಹಳ ವರ್ಷ ಆಯ್ತಂತೆ, ಅಂದ.
ಚೌಕಾಸಿ ಮಾಡಿ ಅರ್ಧ ಬೆಲೆಗೆ
ನನ್ನನ್ನು ನಾನೇ ಕೊಂಡುಕೊಂಡೆ.

ಅಷ್ಟರಲ್ಲಿ ಜೋಳದ ಕೆಂಕೆ ಮಾರುವವಳೊಬ್ಬಳು
ತಲೆಯ ಮೇಲಿನ ಬೋಗುಣಿ ಅಲುಗದ ಹಾಗೆ
ಅದೇ ಹಾಡು ಗುನುಗುತ್ತ ಹಾದುಹೋದಳು,
ತಪ್ಪಾಗಿ.
ನಾನು ಇಳಿದಲ್ಲಿ ಅವಳು ಏರಿದಳು.
ಮೈಯೆಲ್ಲ ಉರಿಯಿತು. ಕಿವಿ ಇಲ್ಲವೇ ಇವಳಿಗೆ,
ಬೈಯುತ್ತಲೇ ಬಸ್ಸು ಹತ್ತಿದೆ.
ಸೆಕೊಂಡಿ ದಾಟುವ ಹೊತ್ತಿಗೆ, ಬಲಕ್ಕೆ ಕಡಲು ಕಾಣುವಲ್ಲಿ,
ಗೊತ್ತಾಗಿಹೋಯಿತು,
ಅವಳದೇ ಸರಿ.

ಮತ್ತೆಂದೂ ಸಿಗಲಿಲ್ಲ.
ನಿಲ್ದಾಣದಲ್ಲಿ ಎಷ್ಟೋ ಬೆಳಗು ಬೇಡದ ಕೆಂಕೆ ತಿಂದೆ.
ಆ ಒಂದು ಏರು ಹಿಡಿಯಲು ಹೋಗಿ
ಮೂವತ್ತೊಂದು ಹಾಡಾದವು ಆಮೇಲೆ.
ಜನ ಕುಣಿದರು, ಪಾಪ.
ಒಂದರಲ್ಲೂ ಅದಿಲ್ಲ.

ಆರಿಸಬೇಡ ಮೈಕು, ತಡಿ,
ಆ ಗಿಟಾರು ಇತ್ತ ಕೊಡು.
ಹೀಗೆ ಹೋಗುತ್ತಿತ್ತು ನೋಡು ಅದು...

ಅಲ್ಲ,
ಹೀಗಲ್ಲ.