ಲಾಭ, ಎರಡು, ಮೂರು

ದಾವಣಗೆರೆ ಜಿಲ್ಲಾಸ್ಪತ್ರೆ, ಹದಿನಾಲ್ಕನೇ ಕೋಣೆ, ಗುರುವಾರ.
ಒಡೆದ ಕಿಟಕಿಗಾಜಿಗೆ ಯಾರೋ ಹಳೆಯ ಎಕ್ಸ್‌ರೇ ಅಂಟಿಸಿದ್ದಾರೆ;
ಗುರುತಿಲ್ಲದವರೊಬ್ಬರ ಪಕ್ಕೆಲುಬುಗಳಲ್ಲಿ ಸೋಸಿಕೊಂಡು
ಬಿಸಿಲು ನನ್ನ ಮೇಜಿಗೆ ಬೀಳುತ್ತದೆ.

ಆರು ವರ್ಷ ಇದನ್ನು ಬರೀ ಬಾಯಲ್ಲಿ ಹೇಳಿದ್ದೇನೆ:
ಅಲ್ಲಾಡಿಸಿ, ಉಸಿರು ಬಿಡಿ, ಒತ್ತುತ್ತಾ ಎಳೆಯಿರಿ, ಹಿಡಿಯಿರಿ.
ಗೊತ್ತಾಯ್ತಾ? ಗೊತ್ತಾಯ್ತು. ಮುಂದಿನವರು.
ಈ ವರ್ಷ ಬಂದ ಡಾಕ್ಟರಮ್ಮ ಒಂದೇ ಮಾತು ಕಲಿಸಿದರು,
‘ತೋರಿಸಿ ಅನ್ನಿ’.

ತೋರಿಸಿದರು.
ಹದಡಿಯ ಹಾಲಮ್ಮ ಎಳೆಯಬೇಕಾದ ಕ್ಯಾಪ್ಸೂಲನ್ನು
ಬಾಯಿಗೆಸೆದು ನೀರು ಕುಡಿದರು. ಎರಡು ವರ್ಷದಿಂದ ಹೀಗೇ.
‘ಆ ಪ್ಲಾಸ್ಟಿಕ್ಕು? ಮೊಮ್ಮಗ ಆಡಾಕ ಇಟ್ಕಂಡಾನ.’
ರೈಲ್ವೆಯಲ್ಲಿದ್ದ ಕರಿಬಸಪ್ಪ ಮುಚ್ಚಳ ತೆಗೆಯದೆಯೇ ಒತ್ತಿದರು.
ಇನ್ನೊಬ್ಬರು ಕುತ್ತಿಗೆಗೆ, ಅತ್ತರಿನ ಹಾಗೆ.
ನಾನು ನಗಲಿಲ್ಲ.
ಅವರೆಲ್ಲರ ಚೀಟಿಯ ಮೇಲೆ ನನ್ನದೇ ಅಕ್ಷರ, ನನ್ನದೇ ಸಹಿ:
‘ವಿಧಾನ ವಿವರಿಸಲಾಗಿದೆ.’

ಆಮೇಲೆ ದಾದಾಪೀರ್.
ಮಂಡಕ್ಕಿ ಭಟ್ಟಿಯ ಮುಂದೆ ಮೂವತ್ತೊಂದು ವರ್ಷ.
ಹೊಟ್ಟು, ಮರದ ಪುಡಿ, ಕದ್ದುಮುಚ್ಚಿ ಹಳೆಯ ಟೈರು,
ಉರಿಗೆ ಯಾವುದಾದರೇನು.
ಬೀಡಿ ಮುಟ್ಟಿಲ್ಲ ಅನ್ನುವುದನ್ನು ಮೂರು ಸಲ ಹೇಳಿದರು,
ನಾನು ಕೇಳುವ ಮೊದಲೇ.

ತೋರಿಸಿ ಅಂದೆ.
ಬಾಯಿ ತೆರೆದರು. ಒತ್ತಿದರು.
ಬಿಳಿ ಹಬೆ ನಾಲಿಗೆಗೆ ತಾಗಿ, ತುಟಿಯಂಚಿನಿಂದ ಹೊರಬಂದು
ಮೂಗಿನ ಮುಂದೆ ಒಂದು ಗಳಿಗೆ ನಿಂತು
ಹೋಯಿತು.
ಮಗಳು ಹೊಲಿಗೆ ಹಾಕಿ ಕೂಡಿಸಿದ ಇನ್ನೂರ ತೊಂಬತ್ತು ರೂಪಾಯಿ
ತಿಂಗಳು ತಿಂಗಳು ಹೀಗೆ ಮೂಗಿನ ಮುಂದೆ ನಿಂತು ಹೋಗಿದೆ.

‘ಮೊದ್ಲು ಖಾಲಿ ಮಾಡ್ರಿ, ಒಳಗಿನ ಗಾಳಿ.’
‘ಖಾಲಿ ಆಗೇ ಬಂದೀನಲ್ಲಮ್ಮ.’

ಇಲ್ಲ, ತುಂಬಿದೆ. ಕಷ್ಟ ಇರುವುದೇ ಅಲ್ಲಿ.
ಹಳೆಗಾಳಿ ಬಾಡಿಗೆ ಕೊಡದೆ ಕೂತಿದೆ, ಹೊಸದಕ್ಕೆ ಜಾಗವಿಲ್ಲ.
ಇದನ್ನು ಹೇಗೆ ಹೇಳಲಿ ಎಂದು ನಾನು
ಪುಸ್ತಕದ ಬಲೂನು ಹುಡುಕುತ್ತಿದ್ದರೆ
ಅವರೇ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ಅಂದರು:
‘ಮಂಡಕ್ಕಿ ಆಗೇತಿ ಅನ್ರಿ.
ಕಾದ ಮರಳಾಗ ಒಂದ್ಸಲ ಅರಳಿದ್ರ ಮುಗೀತು.
ಮತ್ತ ಅಕ್ಕಿ ಆಗಂಗಿಲ್ಲ.’

ಆಗಂಗಿಲ್ಲ, ಅಂದೆ.

‘ಒಲಿ ಊದೋ ಹಂಗ ಊದಬೇಕಾ?’
ಅಷ್ಟು ಜೋರಲ್ಲ, ಚಾದ ಮೇಲಿನ ಕೆನೆ ಸರಿಸೋ ಹಾಗೆ.
ತುಟಿ ಮಡಚಿ ಬಿಟ್ಟರು. ಉದ್ದಕ್ಕೆ. ಭುಜ ಇಳಿಯಿತು.
ಒತ್ತುವುದು, ಎಳೆಯುವುದು, ಎರಡೂ ಒಂದೇ ಹೊತ್ತಿಗೆ:
ಎಲ್ಲರೂ ಎಡವುವ ಹೊಸ್ತಿಲು ಇದು.
ಅವರಿಗೆ ಮೂರೇ ಸಲ ಸಾಕಾಯಿತು.
‘ಒಬ್ಬ ಸುರೀವಾಗ ಒಬ್ಬ ಜರಡಿ ಹಿಡೀತಾನಲ್ಲ, ಹಂಗ.’
ಹಬೆ ಕಾಣಲಿಲ್ಲ. ಕಾಣದಿದ್ದರೇ ಸರಿ.

ಈಗ ಹಾಗೇ ಹಿಡಿದಿರಿ, ಹತ್ತು ಎಣಿಸ್ತೀನಿ. ಒಂದು...
ಬೆರಳೆತ್ತಿದರು.
ಉಸಿರು ಹಿಡಿದವರು ಮಾತಾಡುವಂತಿಲ್ಲ, ಕಣ್ಣಲ್ಲೇ ಬೈದರು.
ತಡೆಯಲಾಗದೆ ಬಿಟ್ಟು,
‘ಅಳಿಯೋವಾಗ ಒಂದು ಅಂತಾರೇನ್ರಿ? ಲಾಭ ಅನ್ರಿ.’

ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ಕಾದೆವು.
ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಉತ್ತರಿಸಿದರು.

ಮತ್ತೆ.
ಲಾಭ.
ಎರಡು. ಮೂರು.
ಸೇರಿನ ಮೇಲೆ ಸೇರು, ಚೀಲದ ಬಾಯಿಗೆ.
ನಾಲ್ಕು. ಐದು. ಕತ್ತಿನ ನರ ಎದ್ದಿತು.
ಆರು.
ನನ್ನ ನಾಲಿಗೆ ಮುಂದಿನದಕ್ಕೆ ಹೊರಳುವಷ್ಟರಲ್ಲಿ
ಮತ್ತೆ ಆ ಬೆರಳು, ಮತ್ತೆ ಕೆಮ್ಮು.
ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು.

‘ಅದನ್ನೂ ಅನ್ನಬ್ಯಾಡ್ರಿ ಸಿಸ್ಟರ್.
ಏಳು ಅಂದ್ರ ಎದ್ದು ಹೋಗ್ತೈತಿ.
ಮತ್ತೊಂದು ಅನ್ನಬೇಕು.’

ಬಾಯಿ ಮುಕ್ಕಳಿಸಿ ಬನ್ನಿ ಎಂದು ನಲ್ಲಿಗೆ ಕಳಿಸಿದೆ.
ಚೀಟಿಯಲ್ಲಿ ‘ವಿವರಿಸಲಾಗಿದೆ’ ಎಂದು ಶುರು ಮಾಡಿದ್ದನ್ನು ಹೊಡೆದು
ಬರೆದೆ: ತೋರಿಸಿದರು. ಆರು.
ಮುಂದಿನ ತಿಂಗಳು, ಗುರುವಾರ:
ಮತ್ತೊಂದು.